ಅಪ್ಪಿಯಕ್ಕನ ಹಾಡಿಗೆ ಸಮಿತಿಯ ತಿದ್ದುಪಡಿ

ಈ ವರ್ಷದ ಆರಂಭದಲ್ಲಿ ನನ್ನನ್ನು ಒಂದು ಸಮಿತಿಗೆ ಸೇರಿಸಿಕೊಂಡರು. ಯಾರೂ ಸಂತಾಪ ಸೂಚಿಸಬೇಕಾಗಿಲ್ಲ, ನಾನೇ ಒಪ್ಪಿಕೊಂಡದ್ದು.

ಜಿಲ್ಲೆಯ ಜೀವಂತ ಸಂಸ್ಕೃತಿಯನ್ನು ಉಳಿಸುವುದು ಸಮಿತಿಯ ಕೆಲಸ. (ಸತ್ತ ಸಂಸ್ಕೃತಿಯನ್ನು ಉಳಿಸಲು ಬೇರೆ ಸಮಿತಿ ಉಂಟು. ಅದಕ್ಕೆ ಜೀಪು ಕೂಡ ಉಂಟಂತೆ.) ಮಣಿಪಾಲದ ಒಂದು ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ಸಭೆ, ಸಭೆಯ ಬಳಿಕ ಗೋಳಿಬಜೆ ಮತ್ತು ಕಾಫಿ. ಮೊದಲ ಮೂರು ಸಭೆಗಳು ಸಮಿತಿಯ ಹೆಸರಿನಲ್ಲಿ ‘ಸಂರಕ್ಷಣಾ’ ಇರಬೇಕೋ ‘ಪರಿರಕ್ಷಣಾ’ ಇರಬೇಕೋ ಎಂಬ ಚರ್ಚೆಗೆ ಹೋದವು. ನಾಲ್ಕನೆಯ ಸಭೆಗೆ ಲೆಟರ್‌ಹೆಡ್ ಅಚ್ಚಾಗಿ ಬಂತು. ಐದನೆಯ ಸಭೆಯಲ್ಲಿ ಯಾರೋ ಒಬ್ಬರು, ನಾವು ಉಳಿಸಬೇಕಾದದ್ದು ಏನನ್ನು ಎಂದು ಕೇಳಿಬಿಟ್ಟರು. ಎಲ್ಲರೂ ನನ್ನ ಮುಖ ನೋಡಿದರು.

ನಾನು ಹೈಸ್ಕೂಲು ಮಾಸ್ತರ. ಕಾಪುವಿನಿಂದ ಉಡುಪಿಗೆ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬರುವವನು. ಸಮಿತಿಯ ಪ್ರಕಾರ ಇದಕ್ಕೆ ‘ಗ್ರಾಮೀಣ ಸಂಪರ್ಕ’ ಎನ್ನುತ್ತಾರೆ. ನಾನು ಸ್ವಲ್ಪವೂ ಯೋಚಿಸದೆ ಅಪ್ಪಿಯಕ್ಕನ ಹೆಸರು ಹೇಳಿದೆ.

ಅಪ್ಪಿಯಕ್ಕ ಅಂದರೆ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇರುವ ಮುದುಕಿ. ಎಪ್ಪತ್ತು ದಾಟಿರಬೇಕು, ಅವಳಿಗೂ ಸರಿಯಾಗಿ ಗೊತ್ತಿಲ್ಲ. ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹೆಂಗಸರು ಹಾಡುವ ಪಾಡ್ದನ, ಅಂದರೆ ತುಳುವಿನ ಕಥೆಹಾಡು, ಅವಳ ಬಾಯಲ್ಲಿ ಬೇಕಾದಷ್ಟು ಉಂಟು. ಅದರಲ್ಲಿ ಒಂದು, ತಂಗಿಯೊಬ್ಬಳು ಅಣ್ಣನ ಮನೆಗೆ ನಡೆದುಕೊಂಡು ಹೋಗುವ ಹಾಡು. ದಾರಿಯಲ್ಲಿ ಏಳು ಮನೆ. ಪ್ರತಿ ಮನೆಯಲ್ಲೂ ಅವಳು ಕುಡಿಯಲು ನೀರು ಕೇಳುತ್ತಾಳೆ. ಯಾವ ಮನೆಯವರು ಕೊಟ್ಟರು, ಯಾರು ಕೊಡಲಿಲ್ಲ, ಕೊಡದವರು ಏನು ನೆಪ ಹೇಳಿದರು ಎಂಬುದೇ ಹಾಡು. ಅರ್ಧ ದಿನದ ನಾಟಿಗೆ ಸಾಕಾಗುತ್ತದೆ. ನಮ್ಮ ಕಡೆ ಅದನ್ನು ಪೂರ್ತಿ ಬಲ್ಲವಳು ಈಗ ಅಪ್ಪಿಯಕ್ಕ ಒಬ್ಬಳೇ.

ಅವಳಿಗೆ ಇದ್ದದ್ದು ಅದೊಂದೇ ಚಿಂತೆ. ಸಿಕ್ಕಿದಾಗೆಲ್ಲ ಹೇಳುತ್ತಿದ್ದಳು, ಈ ಹಾಡು ತನ್ನ ಒಟ್ಟಿಗೆ ಬೂದಿಯಾಗಬಾರದು, ಯಾರಾದರೂ ಇಬ್ಬರ ಬಾಯಲ್ಲಿ ಉಳಿಯಬೇಕು ಎಂದು. ಉಳಿಸುವುದಕ್ಕೆಂದೇ ಲೆಟರ್‌ಹೆಡ್ ಮಾಡಿಸಿಕೊಂಡವರು ನನ್ನ ಎದುರಿಗೇ ಕೂತಿರುವಾಗ ನಾನು ಮತ್ತೆಂತ ಮಾಡಲಿ?

ಹಾಗೆ ಏಪ್ರಿಲ್‌ನ ಒಂದು ಶನಿವಾರ ಬಾಡಿಗೆಯ ಅಂಬಾಸಿಡರ್ ಕಾರಿನಲ್ಲಿ ಅಪ್ಪಿಯಕ್ಕನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಕೋಣೆಯಲ್ಲಿ ಮೇಜು, ಮೇಜಿನ ಮೇಲೆ ಟ್ರಂಕಿನಷ್ಟು ದೊಡ್ಡ ಟೇಪ್ ರೆಕಾರ್ಡರು. ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ಜೀವಮಾನವಿಡೀ ಬಗ್ಗಿಕೊಂಡು ಹಾಡಿದವಳು ಕುರ್ಚಿಯ ತುದಿಯಲ್ಲಿ ಮುದುಡಿ ಕೂತಳು. ಟೇಪಿಗೆ ಸದ್ದು ಬೀಳುತ್ತದೆ ಎಂದು ಫ್ಯಾನು ಆಫ್ ಮಾಡಿದರು. ಕೆಮ್ಮು ಬಂದವರು ಈಗಲೇ ಹೊರಗೆ ಹೋಗಬೇಕೆಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದರು.

ಅಧ್ಯಕ್ಷರ ಬಗ್ಗೆ ಎರಡು ಮಾತು. ಕಾರ್ಕಳದವರು, ನಿವೃತ್ತರು, ಬಹಳ ಓದಿಕೊಂಡವರು. ನಲುವತ್ತು ವರ್ಷ ಶಿಲಾಶಾಸನ ಓದಿದ್ದಾರೆ. ಶಾಸನದ ಕಲ್ಲಿಗೆ ಒಂದು ದೊಡ್ಡ ಗುಣ ಉಂಟು, ಅದು ಹೇಳಿದ್ದನ್ನು ಬದಲಿಸುವುದಿಲ್ಲ, ತಿದ್ದಿದರೆ ಮುಖ ಸಣ್ಣ ಮಾಡುವುದಿಲ್ಲ. ಅವರಿಗೆ ಅದು ಅಭ್ಯಾಸವಾಗಿಹೋಗಿದೆ.

ಅಪ್ಪಿಯಕ್ಕ ಗಂಟಲು ಸರಿ ಮಾಡಿಕೊಂಡು ಒಂದು ಸಾಲು ಹಾಡಿದಳು. ನಿಲ್ಲಿಸಿದಳು.

ಕೋಣೆ ನಿಶ್ಶಬ್ದ. ಅಧ್ಯಕ್ಷರು ಗೌರವದಿಂದ ಕಣ್ಣು ಮುಚ್ಚಿದ್ದರು. ಉಳಿದವರು ಪೆನ್ನು ಹಿಡಿದು ಕಾದರು.

ಅದೇ ಸಾಲನ್ನು ಅವಳು ಇನ್ನೊಮ್ಮೆ ಹಾಡಿದಳು. ಮತ್ತೆ ನಿಶ್ಶಬ್ದ. ಮೂರನೆಯ ಸಲ ಸ್ವಲ್ಪ ಗಟ್ಟಿಯಾಗಿ ಹಾಡಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಎದ್ದು ನಿಂತು ನನ್ನನ್ನು ತುಳುವಿನಲ್ಲಿ ಕೇಳಿದಳು:

“ಇವರು ಯಾರಿಗೂ ಕಿವಿ ಕೇಳುವುದಿಲ್ಲವಾ ಮಾಸ್ಟ್ರೇ?”

ಗದ್ದೆಯಲ್ಲಿ ಒಬ್ಬಳು ಒಂದು ಸಾಲು ಹೇಳಿದರೆ ಉಳಿದವರು ‘ಓ’ ಎಂದು ಎಳೆದು ಆ ಸಾಲಿನ ಕೊನೆಯನ್ನು ತಿರುಗಿ ಹೇಳಬೇಕು. ಆ ಓ ಬಂದರೆ ಮಾತ್ರ ಮುಂದಿನ ಸಾಲು. ಬಾರದಿದ್ದರೆ ಕೇಳುವವರಿಗೆ ಹಾಡು ಬೇಡ ಎಂದು ಅರ್ಥ, ಹಾಡುವವಳು ನಿಲ್ಲಿಸಬೇಕು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಬರೆದಿಡದೆ ಇದ್ದದ್ದು ಸಮಿತಿಗೆ ಗೊತ್ತಾಗುವುದು ಹೇಗೆ?

ನನಗೆ ಗೊತ್ತಿತ್ತಲ್ಲ ಎಂದು ನೀವು ಕೇಳಬಹುದು. ಗೊತ್ತಿತ್ತು. ಚಿಕ್ಕಂದಿನಲ್ಲಿ ಗದ್ದೆಯ ಬದುವಿನಲ್ಲಿ ಕೂತು ಅವಳ ಹಾಡಿಗೇ ಓ ಎಂದವನು ನಾನು. ಆದರೆ ಅಷ್ಟು ಮಂದಿ ದೊಡ್ಡವರ ಎದುರಿನಲ್ಲಿ ಓ ಎನ್ನಲು ಬಾಯಿ ಬರಬೇಕಲ್ಲ? (ಅಂದು ಶರ್ಟಿಗೆ ಇಸ್ತ್ರಿ ಬೇರೆ ಹಾಕಿಸಿದ್ದೆ.) ಸಭೆಯ ವರದಿ ಪುಸ್ತಕದಲ್ಲಿ ‘ಕಲಾವಿದೆ ಸಹಕರಿಸಲಿಲ್ಲ’ ಎಂದು ಬರೆದರು. ನಾನೂ ಸಹಿ ಹಾಕಿದೆ.

ಅದೇ ಕಾರಿನಲ್ಲಿ ಅಪ್ಪಿಯಕ್ಕನನ್ನು ಮನೆಗೆ ವಾಪಸು ಕರೆದುಕೊಂಡು ಬಂದೆ. ಅವಳ ಮನೆಯ ಜಗಲಿಯಲ್ಲಿ ಎಂದಿನಂತೆ ಐದಾರು ಹೆಂಗಸರು ಬೀಡಿ ಕಟ್ಟುತ್ತ ಕೂತಿದ್ದರು. ನಮ್ಮ ಕಡೆ ಈಗ ನಾಟಿಗೆ ಹೆಂಗಸರು ಸಿಗುವುದಿಲ್ಲ, ಎಲ್ಲರ ಮಡಿಲಿನಲ್ಲೂ ಬೀಡಿ ಎಲೆಯ ಮೊರ. ಕೆಸರಿಲ್ಲ, ಜಿಗಣೆ ಇಲ್ಲ, ಸೊಂಟ ನೋವಿಲ್ಲ. (ಕುತ್ತಿಗೆ ನೋವು ಉಂಟು, ಕೆಮ್ಮು ಉಂಟು.) ಅಪ್ಪಿಯಕ್ಕನ ಮಗಳು ಸುಂದರಿ ಇದ್ದಳು. ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಹೆಂಗಸು ಐಸಮ್ಮ ಇದ್ದಳು.

ಅಪ್ಪಿಯಕ್ಕ ಚಾಪೆಯ ಮೇಲೆ ಕೂತು ಮಣಿಪಾಲದವರ ಕಿವುಡನ್ನು ವರ್ಣಿಸಿದಳು. ತಾನು ಹಾಡಿದ್ದು ಹೀಗೆ ಎಂದು ಆ ಮೊದಲ ಸಾಲನ್ನು ಹಾಡಿದಳು.

“ಓ...” ಎಂದರು ಜಗಲಿಯಲ್ಲಿದ್ದವರು. ಯಾರೂ ತಲೆ ಎತ್ತಲಿಲ್ಲ. ಯಾರ ಕತ್ತರಿಯೂ ನಿಲ್ಲಲಿಲ್ಲ.

ಹಾಡು ಹೊರಟಿತು. ಗದ್ದೆಯಲ್ಲಿ ಒಂದು ಸಾಲಿಗೆ ಒಂದು ಹೆಜ್ಜೆ ಹಿಂದಕ್ಕೆ. ಇಲ್ಲಿ ಒಂದು ಸಾಲಿಗೆ ಒಂದು ಬೀಡಿ, ಓ ಎನ್ನುವಾಗ ನೂಲಿನ ಸುತ್ತು. ಎಲ್ಲರಿಗಿಂತ ಎತ್ತರದ ಸ್ವರ ಐಸಮ್ಮನದು. ನಾನು ಚಪ್ಪಲಿ ಬಿಚ್ಚುವುದನ್ನೂ ಮರೆತು ಅಂಗಳದಲ್ಲಿ ನಿಂತಿದ್ದೆ. ಏಳನೆಯ ಮನೆ ಬಂತು. ನೋಡುತ್ತೇನೆ, ಅದು ಮನೆಯೇ ಅಲ್ಲ, ಕಟ್ಟಿದ್ದನ್ನು ಒಪ್ಪಿಸುವ ಬೀಡಿ ಬ್ರಾಂಚು. ತಂಗಿ ನೀರು ಕೇಳಿದರೆ ಅಲ್ಲಿ ಲೆಕ್ಕ ಬರೆಯುವ ರೈಟರು ಮೊದಲು ನೀನು ಕಟ್ಟಿದ ಬೀಡಿ ತೋರಿಸು ಎನ್ನುತ್ತಾನೆ, ಅರ್ಧದಷ್ಟು ಸರಿ ಇಲ್ಲ ಎಂದು ಬಿಸಾಡುತ್ತಾನೆ, ನೀರಿನ ಚೊಂಬು ತನ್ನ ಕಾಲಿನ ಹತ್ತಿರ ಇದ್ದರೂ ಬಾವಿ ಬತ್ತಿದೆ ಎನ್ನುತ್ತಾನೆ.

ನನಗೆ ನಗು ತಡೆಯಲಾಗಲಿಲ್ಲ. ಈ ಬ್ರಾಂಚು ಯಾರು ಸೇರಿಸಿದ್ದು ಎಂದು ಕೇಳಿದೆ. ಐಸಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಪ್ಪಿಯಕ್ಕನಿಗೆ ಹೆಮ್ಮೆಯೋ ಹೆಮ್ಮೆ. ಅಜ್ಜಿಯ ಕಾಲದಲ್ಲಿ ಹಾಡಿನಲ್ಲಿ ಐದೇ ಮನೆ ಇತ್ತಂತೆ. ಗೇಣಿಯ ಅಕ್ಕಿ ಅಳೆಯುವ ಪಟೇಲನ ಮನೆಯನ್ನು ಸೇರಿಸಿದ್ದು ಅಪ್ಪಿಯಕ್ಕನ ಅಮ್ಮ. ಈಗ ಇವರದ್ದು ಏಳನೆಯದು. ಸುಂದರಿಗೆ ಮೂರು ಮನೆ ಬಾಯಿಗೆ ಬರುತ್ತದೆ, ಐಸಮ್ಮನಿಗೆ ನಾಲ್ಕು. ಇನ್ನೊಂದು ವರ್ಷ ತಾನು ಗಟ್ಟಿ ಇದ್ದರೆ ಇಬ್ಬರಿಗೂ ಪೂರ್ತಿ ಬರುತ್ತದೆ ಎಂದಳು.

ಅಂದು ಮನೆಗೆ ಹೋಗುವಾಗ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಹಾಡು ಸಾಯುತ್ತದೆ ಎಂದುಕೊಂಡಿದ್ದೆ, ಅದು ಗದ್ದೆಯಿಂದ ಎದ್ದು ಕೈಕಾಲು ತೊಳೆದು ಜಗಲಿಗೆ ಬಂದು ಕೂತಿತ್ತು. ಯಾರ ಸಹಾಯವನ್ನೂ ಕೇಳಿರಲಿಲ್ಲ. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು.

ಇರಲಿಲ್ಲ. ಸಮಿತಿಗೆ ಹೇಳಿದೆ.

ಮೇ ತಿಂಗಳಿನಲ್ಲಿ ಸಮಿತಿಯೇ ಕಾಪುವಿಗೆ ದಯಮಾಡಿಸಿತು. ಅಧ್ಯಕ್ಷರ ಕೈಯಲ್ಲಿ ನಾಲ್ಕು ಹಾಳೆಯ ಟೈಪು ಪ್ರತಿ. ಎಂದೋ ಯಾರೋ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದ ಇದೇ ಹಾಡು. ಅದರಲ್ಲಿ ಐದು ಮನೆ. ಆದ್ದರಿಂದ ಐದೇ ಸರಿ. ಅಪ್ಪಿಯಕ್ಕನ ಅಮ್ಮ ಪ್ರಕ್ಷೇಪ, ಅಪ್ಪಿಯಕ್ಕ ಪ್ರಕ್ಷೇಪದ ಪ್ರಕ್ಷೇಪ.

ಜಗಲಿಗೆ ಹತ್ತುವ ಮೊದಲೇ ಅಧ್ಯಕ್ಷರು ಬೀಡಿಯ ಮೊರಗಳನ್ನು ಒಳಗೆ ಇಡಿಸಿದರು. ಇದು ಗದ್ದೆಯ ಸಂಸ್ಕೃತಿ, ಇದರ ಒಟ್ಟಿಗೆ ಹೊಗೆಸೊಪ್ಪಿನ ವಾಸನೆ ಶೋಭಿಸುವುದಿಲ್ಲ ಎಂದರು. (ಟೇಪಿಗೆ ವಾಸನೆಯೂ ಬೀಳುತ್ತದೆ ಎಂದು ನನಗೆ ತಿಳಿದಿರಲಿಲ್ಲ.) ಕೈಯಲ್ಲಿ ಕೆಲಸ ಇಲ್ಲದೆ ಹೆಂಗಸರು ಎಲ್ಲಿ ಓ ಎನ್ನಬೇಕೆಂದು ತಿಳಿಯದೆ ತಡವರಿಸಿದರು. ಸುಂದರಿಯನ್ನು ಅಧ್ಯಕ್ಷರು ಮೂರು ಸಲ ನಿಲ್ಲಿಸಿ ಟೈಪು ಪ್ರತಿ ನೋಡಿ ತಿದ್ದಿದರು. ನಾಲ್ಕನೆಯ ಸಲ ಅವಳು ಬಾಯಿಯನ್ನೇ ತೆರೆಯಲಿಲ್ಲ.

ಆಮೇಲೆ ಅವರ ದೃಷ್ಟಿ ಐಸಮ್ಮನ ಮೇಲೆ ಬಿತ್ತು. ತುಂಬಾ ಮರ್ಯಾದೆಯ ಮನುಷ್ಯ, ಸ್ವರ ಎತ್ತಲಿಲ್ಲ.

“ತಪ್ಪು ತಿಳಿಯಬೇಡಿ ಅಮ್ಮ. ರೆಕಾರ್ಡಿಗೆ ಪರಂಪರೆಯವರು ಮಾತ್ರ ಸಾಕು. ನೀವು ಸ್ವಲ್ಪ ಆಚೆ ಕೂತುಕೊಳ್ಳಬಹುದಾ?”

ಐಸಮ್ಮ ತಪ್ಪು ತಿಳಿಯಲಿಲ್ಲ. ಒಳಗಿನಿಂದ ತನ್ನ ಮೊರವನ್ನು ತೆಗೆದುಕೊಂಡು, ಅಪ್ಪಿಯಕ್ಕನಿಗೆ ಬರುತ್ತೇನೆ ಎಂದು ಹೇಳಿ ತನ್ನ ಮನೆಗೆ ಹೋದಳು. ಅವಳು ಬೇಲಿ ದಾಟುವವರೆಗೆ ಅಪ್ಪಿಯಕ್ಕ ನೋಡುತ್ತಿದ್ದಳು. ನಾನು ಏನು ಮಾಡಿದೆ? ನಾನು ಅಧ್ಯಕ್ಷರಿಗೆ ಎಳನೀರು ಕೆತ್ತಿಸುವ ವ್ಯವಸ್ಥೆ ಮಾಡುತ್ತಿದ್ದೆ.

ಕೊನೆಗೆ ಫೋಟೋ ಬೇಕಲ್ಲ? ಮೇ ತಿಂಗಳಿನ ಗದ್ದೆ ಬಿರಿದುಕೊಂಡು ಬಿದ್ದಿತ್ತು. ಪಂಪಿನಿಂದ ಒಂದು ಮೂಲೆಗೆ ನೀರು ಬಿಡಿಸಿದರು. ನೇಜಿ ಎಲ್ಲಿಂದ ತರುವುದು? ತೋಡಿನ ದಡದಿಂದ ಹುಲ್ಲು ಕಿತ್ತು ಕಟ್ಟು ಮಾಡಿ ಹೆಂಗಸರ ಕೈಗೆ ಕೊಟ್ಟರು. ಎಪ್ಪತ್ತು ದಾಟಿದ ಅಪ್ಪಿಯಕ್ಕ ಹತ್ತು ನಿಮಿಷ ಬಗ್ಗಿ ನಿಂತು ಹುಲ್ಲು ನೆಟ್ಟಳು. ಕಪ್ಪು ಬಿಳುಪಿನ ಫೋಟೋದಲ್ಲಿ ಗೊತ್ತಾಗುವುದಿಲ್ಲ ಎಂದು ಫೋಟೋಗ್ರಾಫರ್ ಧೈರ್ಯ ಹೇಳಿದ. ಐದು ಮನೆಗಳ ಶುದ್ಧ ಪಾಠವನ್ನು ಆಮೇಲೆ ಅಧ್ಯಕ್ಷರೇ ಮಣಿಪಾಲದಲ್ಲಿ ಟೇಪಿಗೆ ಓದಿಸಿದರು. ಓದಿದವಳು ಒಬ್ಬಳು ಕಾಲೇಜು ಹುಡುಗಿ. ಉಚ್ಚಾರ ಬಹಳ ಸ್ಪಷ್ಟ. ಓ ಎನ್ನುವವರು ಯಾರೂ ಇಲ್ಲದ ಕಾರಣ ಸಮಯವೂ ಉಳಿಯಿತು, ಅರ್ಧ ದಿನದ ಹಾಡು ಹನ್ನೊಂದು ನಿಮಿಷಕ್ಕೆ ಮುಗಿಯಿತು. ಟೇಪನ್ನು ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದಾರೆ. ಇನ್ನು ಅದು ಎಲ್ಲಿಗೂ ಹೋಗುವುದಿಲ್ಲ.

ಕಳೆದ ಭಾನುವಾರ ಅಪ್ಪಿಯಕ್ಕನ ಮನೆಗೆ ಹೋದೆ. ಜಗಲಿಯಲ್ಲಿ ಬೀಡಿ ಕಟ್ಟುವುದು ನಡೆದಿತ್ತು. ರೇಡಿಯೋ ಹಾಡುತ್ತಿತ್ತು. ಐಸಮ್ಮ ಇರಲಿಲ್ಲ. ಅವಳು ಈಗ ತನ್ನ ಮನೆಯಲ್ಲೇ ಕೂತು ಕಟ್ಟುತ್ತಾಳಂತೆ, ಕೆಲಸ ಬೇಗ ಆಗುತ್ತದೆ ಎಂದು ಹೇಳಿದಳಂತೆ. ಪಾಡ್ದನ ಹೇಳುವುದಿಲ್ಲವಾ ಎಂದು ಸುಂದರಿಯನ್ನು ಕೇಳಿದೆ. ಅವಳು ಎಲೆ ಕತ್ತರಿಸುತ್ತಲೇ, ನಮಗೆ ಸರಿಯಾದದ್ದು ಗೊತ್ತಿಲ್ಲ ಅಲ್ವಾ, ತಪ್ಪು ಹೇಳುವುದಕ್ಕಿಂತ ಸುಮ್ಮನಿರುವುದು ಒಳ್ಳೆಯದು ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಅಪ್ಪಿಯಕ್ಕ ಒಳಗೆ ಮಲಗಿದ್ದಳು. ನಾನು ಹತ್ತಿರ ಕೂತು, ಹಾಡು ಮಣಿಪಾಲದಲ್ಲಿ ಭದ್ರವಾಗಿದೆ ಎಂದು ಸಮಾಧಾನ ಹೇಳಲು ಹೊರಟೆ. ಅವಳು ಗೋಡೆಯ ಕಡೆ ತಿರುಗಿಕೊಂಡೇ ಹೇಳಿದಳು:

“ಪೆಟ್ಟಿಗೆಯಲ್ಲಿ ಹಾಡು ಇರಲಿ ಮಾಸ್ಟ್ರೇ. ನನ್ನ ಓ ಎನ್ನುವವರನ್ನು ನನಗೆ ವಾಪಸು ಕೊಡಿ.”

ಅಂಗಳ ದಾಟಿ ಐಸಮ್ಮನ ಮನೆಗೆ ಹೋದೆ. ತಪ್ಪಾಯಿತು, ನಾಳೆಯಿಂದ ಬನ್ನಿ ಎಂದೆ. ಐಸಮ್ಮ ನನಗೆ ಚಹಾ ಕೊಟ್ಟಳು, ಬಿಸ್ಕತ್ತು ಕೊಟ್ಟಳು, ಮಕ್ಕಳ ಪರೀಕ್ಷೆಯ ವಿಷಯ ಮಾತಾಡಿದಳು. ಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಮೊನ್ನೆ ಸಮಿತಿಯ ಲೆಟರ್‌ಹೆಡ್ಡಿನಲ್ಲಿ ನನಗೊಂದು ಕಾಗದ ಬಂದಿದೆ. ಕಾಪು ಪರಿಸರದಲ್ಲಿ ಪಾಡ್ದನ ಪರಂಪರೆ ಅಳಿಯುತ್ತಿರುವುದು ಸಮಿತಿಗೆ ತೀವ್ರ ಕಳವಳ ತಂದಿದೆಯಂತೆ. ಸ್ಥಳೀಯನಾದ ನಾನು ಅದರ ಕಾರಣಗಳನ್ನು ಒಂದು ಪುಟಕ್ಕೆ ಮೀರದಂತೆ ಪಟ್ಟಿ ಮಾಡಿ ಸೋಮವಾರದೊಳಗೆ ಕಳುಹಿಸಬೇಕಂತೆ.

ಪಟ್ಟಿ ಸಿದ್ಧವಾಗಿದೆ. ಒಂದೇ ಅನುಮಾನ: ಹೆಸರುಗಳನ್ನು ಅಧ್ಯಕ್ಷರಿಂದ ಶುರು ಮಾಡಿ ಹುದ್ದೆಯ ಪ್ರಕಾರ ಬರೆಯಬೇಕೋ, ಅಥವಾ ಮೊದಲು ಬಾಯಿಬಿಟ್ಟ ಈ ಮಾಸ್ತರನಿಂದಲೋ?