ಬಿಸ್ಕತ್ತು ತೂಗಿದ ರೇಟಕ್ಕ

ಬೆಳಗಿನ ಆರು ಗಂಟೆ. ಮಾರುಕಟ್ಟೆಯಲ್ಲಿ ಟೊಮೆಟೊ ಬುಟ್ಟಿಗಳು ಇನ್ನೂ ಲಾರಿಯಿಂದ ಇಳಿಯುತ್ತಿವೆ. ನೋಯುವ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡ ಐವತ್ತೆರಡರ ಹೆಂಗಸೊಬ್ಬರು ಈರುಳ್ಳಿ ಅಂಗಡಿಯ ಮುಂದೆ ನಿಲ್ಲುತ್ತಾರೆ, ದರ ಕೇಳಿ ಬರೆದುಕೊಳ್ಳುತ್ತಾರೆ, ಒಂದು ಗಡ್ಡೆಯನ್ನೂ ಕೊಳ್ಳದೆ ಮುಂದೆ ನಡೆಯುತ್ತಾರೆ.

“ನಮ್ಮ ರೇಟಕ್ಕ. ಹದಿನೆಂಟು ವರ್ಷದಿಂದ ಕೇಳ್ತಾನೇ ಇದಾರೆ, ವ್ಯಾಪಾರ ಮಾತ್ರ ಇಲ್ಲ,” ಅಂಗಡಿಯವನು ನಗುತ್ತಾನೆ.

ರೇಟಕ್ಕ ಅಂಕಿಅಂಶ ಕಚೇರಿಗೆ ದರ ಬರೆದು ಕೊಡುವವರು. ತಿಂಗಳಿಗೆ ನಲವತ್ತೊಂದು ಅಂಗಡಿ, ಇನ್ನೂರ ಅರವತ್ತು ಸಾಮಾನು. ಹಣದುಬ್ಬರ ಇಷ್ಟು ಎಂದು ಸುದ್ದಿಯಲ್ಲಿ ಓದುವುದು, ಬಡ್ಡಿ ಏರಿಸಬೇಕೋ ಬೇಡವೋ ಎಂದು ಕೇಂದ್ರ ಬ್ಯಾಂಕು ತಲೆ ಕೆಡಿಸಿಕೊಳ್ಳುವುದು, ಎಲ್ಲ ಶುರುವಾಗುವುದು ಇಂಥವರ ಕಾಲ್ನಡಿಗೆಯಿಂದ. ಮೊದಮೊದಲು ತೆರಿಗೆಯವರೆಂದು ಹೆದರಿ ಅಂಗಡಿಯವರು ಬಾಗಿಲೆಳೆದುಕೊಳ್ಳುತ್ತಿದ್ದರಂತೆ. “ಒಬ್ಬ ನೀರೂ ಎರಚಿದ್ದ. ಈಗ ಅವನೇ ಕುರ್ಚಿ ಹಾಕ್ತಾನೆ,” ಎನ್ನುತ್ತಾರೆ ರೇಟಕ್ಕ.

ಹೋದ ವರ್ಷ ಗೋಧಿ, ಎಣ್ಣೆ, ಸಕ್ಕರೆ ಎಲ್ಲ ಗಗನಕ್ಕೇರಿದಾಗ ಒಂದು ಬಿಸ್ಕತ್ತಿನ ಬೆಲೆ ಮಾತ್ರ ಕದಲಲಿಲ್ಲ. ಪೊಟ್ಟಣ ಕೈಗೆತ್ತಿಕೊಂಡ ರೇಟಕ್ಕನಿಗೆ ಯಾಕೋ ಹಗುರ ಅನ್ನಿಸಿತು. ಅಂಗಡಿಯ ತಕ್ಕಡಿಗೇ ಹಾಕಿಸಿದರು. ನೂರ ಇಪ್ಪತ್ತು ಗ್ರಾಂ ಇದ್ದದ್ದು ನೂರಕ್ಕೆ ಇಳಿದಿತ್ತು. ಅದೇ ದುಡ್ಡಿಗೆ ಕಡಿಮೆ ಬಿಸ್ಕತ್ತು ಎಂದಮೇಲೆ ಬೆಲೆ ಏರಿದೆ ಎಂದೇ ಬರೆದರು. ಮೇಲಧಿಕಾರಿ ಹಾಳೆ ವಾಪಸು ಕಳಿಸಿದರು: ಪೊಟ್ಟಣದ ಮೇಲಿನ ಬೆಲೆ ಹಾಗೇ ಇದೆ, ತಿದ್ದಿ ಕೊಡಿ.

ಅವರದು ವರ್ಷವರ್ಷದ ಗುತ್ತಿಗೆ ಕೆಲಸ, ಗುತ್ತಿಗೆ ಮುಗಿಯುವುದೂ ಅದೇ ವಾರ. “ಅಮ್ಮಾ, ಒಂದು ಬಿಸ್ಕತ್ತಿಗೋಸ್ಕರ ಕೆಲಸ ಕಳ್ಕೋತೀಯಾ?” ಎಂದು ಮಗಳು ಕೇಳಿದಳು. ಎರಡು ದಿನ ಹಾಳೆಯನ್ನು ಮುಂದಿಟ್ಟುಕೊಂಡು ಕೂತರು. ಆದರೂ ತಿದ್ದಲು ಕೈ ಬರಲಿಲ್ಲ. ಮೂರನೆಯ ದಿನ, ವ್ಯಾಪಾರ ಕಡಿಮೆಯಿದ್ದ ಅಂಗಡಿಯೊಂದರ ಮೂಲೆಯಲ್ಲಿ ಉಳಿದಿದ್ದ ಹಳೆಯ ಪೊಟ್ಟಣವನ್ನೂ ಹೊಸದನ್ನೂ ಕೊಂಡು ತಂದು ಅಧಿಕಾರಿಯ ಮೇಜಿನ ಮೇಲಿಟ್ಟರು. “ಸರ್, ಎರಡನ್ನೂ ಒಡೆದು ನೀವೇ ಎಣಿಸಿ.”

ಹಳೆಯದರಲ್ಲಿ ಹನ್ನೆರಡು, ಹೊಸದರಲ್ಲಿ ಹತ್ತು. ಅಧಿಕಾರಿ ಇನ್ನೊಮ್ಮೆ ಎಣಿಸಿದರು. ಆಮೇಲೆ ಹಾಳೆಗೆ ಸಹಿ ಹಾಕಿ, ಎಲ್ಲರಿಗೂ ಚಹಾ ತರಿಸಿದರು. ಸಾಕ್ಷಿಯನ್ನು ಕಚೇರಿಯೇ ತಿಂದು ಮುಗಿಸಿತು. ಗುತ್ತಿಗೆಯೂ ಮುಂದುವರಿಯಿತು.

ಇನ್ನೇನು ಆಸೆ ಎಂದರೆ ರೇಟಕ್ಕ ಪೆನ್ನಿನ ಮುಚ್ಚಳ ಹಾಕಿ ಯೋಚಿಸುತ್ತಾರೆ.

“ಒಂದು ತಿಂಗಳಾದ್ರೂ ಮೇಲಿಂದ ಕೆಳಗಿನ ತನಕ ‘ಇಳಿದಿದೆ’ ಅಂತ ಬರೀಬೇಕು. ಅವತ್ತು ನನ್ನ ಅಕ್ಷರ ಎಷ್ಟು ದುಂಡಗಿರುತ್ತೆ ನೋಡಿ.”