ದುಭಾಷಿಯ ಸಹಿ

ಕೋಲ್ಕತ್ತಾದ ಬೆಹಾಲಾದಲ್ಲಿರುವ ನಮ್ಮ ಫ್ಲಾಟಿಗೆ ಆ ಫೋನ್ ಬಂದಾಗ ನಾನು ಹಿಗ್ಗಿದ್ದು ಸುಳ್ಳಲ್ಲ. ಕೇಂದ್ರ ಸರ್ಕಾರದ ನೌಕರನ ಹೆಂಡತಿಯಾಗಿ ಊರೂರು ಅಲೆದವಳು. ನನ್ನ ಕನ್ನಡ ಯಾರಿಗೂ ಬೇಕಾಗಿರಲಿಲ್ಲ. ನನ್ನ ಮಗಳೇ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಈಗ ನೋಡಿದರೆ ಹೆಣ್ಣುಮಕ್ಕಳ ಆಶ್ರಯಗೃಹವೊಂದರಿಂದ ಕರೆ: ಕನ್ನಡ ಮಾತ್ರ ಆಡುವ ಹುಡುಗಿ ಇದ್ದಾಳೆ, ಹೇಳಿಕೆ ಬರೆದುಕೊಳ್ಳಬೇಕು, ಬನ್ನಿ.

ಹನ್ನೊಂದು ವರ್ಷದವಳು. ಬಾಂಗ್ಲಾದೇಶದಲ್ಲಿ ಹುಟ್ಟಿ ಕೈಗೂಸಾಗಿದ್ದಾಗಲೇ ಬೆಂಗಳೂರಿಗೆ ಬಂದಿದ್ದಳು. ಚಿಂದಿ ಆಯುತ್ತಿದ್ದ ಅಮ್ಮ ಅಲ್ಲೇ ತೀರಿಕೊಂಡ ಮೇಲೆ ಇವಳನ್ನು ಒಂದು ಆಶ್ರಮಕ್ಕೆ, ಬೆಂಗಳೂರಲ್ಲೇ ಹುಟ್ಟಿದ ತಂಗಿಯನ್ನು ಶಿಶುಗಳ ಇನ್ನೊಂದು ಆಶ್ರಮಕ್ಕೆ ಸೇರಿಸಿದ್ದರು. ಆಶ್ರಮದಲ್ಲಿ ಬೆಳೆಯುತ್ತ ಅಮ್ಮನ ಬಂಗಾಳಿ ಇವಳಿಗೆ ಮರೆತೇಹೋಗಿತ್ತು. ಈಗ ಗಡಿಯಾಚೆ ಅಜ್ಜಿ ಸಿಕ್ಕಿದ್ದಳು, ಹುಡುಗಿಯನ್ನು ಕಳಿಸಲು ಕೋಲ್ಕತ್ತಾಗೆ ಕರೆತಂದಿದ್ದರು. ಅಜ್ಜಿಗೆ ಗೊತ್ತಿದ್ದದ್ದು ಒಬ್ಬಳೇ ಮೊಮ್ಮಗಳು. ತಂಗಿಯ ಕಾಗದಪತ್ರದಲ್ಲಿ ಅಕ್ಕನ ಸುದ್ದಿಯಿಲ್ಲ. ಇಬ್ಬರೂ ಒಡಹುಟ್ಟಿದವರು ಅನ್ನುವುದಕ್ಕೆ ಇದ್ದ ಸಾಕ್ಷಿ ಈ ಹುಡುಗಿಯ ಮಾತು ಒಂದೇ.

ನನ್ನ ಕನ್ನಡ ಕಿವಿಗೆ ಬಿದ್ದದ್ದೇ ತಡ, ಅವಳು ನನ್ನ ಸೆರಗು ಹಿಡಿದುಕೊಂಡಳು.

"ಆಂಟಿ, ತಂಗೀನ ಬಿಟ್ಟು ನಾನು ಹೋಗಲ್ಲ. ಎಳ್ಕೊಂಡು ಹೋದ್ರೂ ಹೋಗಲ್ಲ. ಅವ್ಳನ್ನ ಆಮೇಲೆ ಕಳಿಸ್ತೀವಿ ಅಂತ ಇವ್ರೆಲ್ಲ ಸುಳ್ಳು ಹೇಳ್ತಾರೆ. ಅವ್ಳಿಗೆ ನನ್ ಬಿಟ್ರೆ ಯಾರೂ ಇಲ್ಲ, ಹಂಗಂತ ಬರ್ಕೊಳ್ಳೋಕೆ ಹೇಳಿ ಈ ಮೇಡಂಗೆ."

"ಶ್! ದೊಡ್ಡವರ ಮುಂದೆ ಹಾಗೆಲ್ಲ ಮಾತಾಡಬಾರದು ಪುಟ್ಟಿ," ಎಂದೆ. ಥೂ, ನನ್ನ ನಾಲಿಗೆ ಸೇದಿಹೋಗ! ಮಕ್ಕಳ ಒರಟು ಮಾತನ್ನು ನಯ ಮಾಡಿ ದಾಟಿಸುವುದು ನಮ್ಮಂಥ ಹೆಂಗಸರ ಅಭ್ಯಾಸ. ಗಂಡನ ಬಂಗಾಳಿ ಮೇಲಧಿಕಾರಿ ಮನೆಗೆ ಬಂದಿದ್ದಾಗ ಪುಟ್ಟವಳಿದ್ದ ಮಗಳು "ಈ ಅಂಕಲ್ ಯಾವಾಗ ಹೋಗ್ತಾರೆ?" ಅಂದರೆ, "ಊಟಕ್ಕೆ ಇರಿ ಅಂತಿದ್ದಾಳೆ" ಎಂದು ನಕ್ಕವಳು ನಾನು. ಅದೇ ಚಾಳಿಯಲ್ಲಿ, ಹೇಳಿಕೆ ಬರೆದುಕೊಳ್ಳಲು ಕೂತಿದ್ದ ಅಧಿಕಾರಿ ಮೇಡಂಗೆ ಹಿಂದಿಯಲ್ಲಿ ಹೇಳಿದೆ: "ಸ್ವಲ್ಪ ಹೆದರಿದ್ದಾಳೆ. ತಂಗಿಯೂ ಜೊತೆಗಿದ್ದರೆ ಖುಷಿ ಅಂತಾಳೆ."

ಮೇಡಂ ಒಂದೇ ಸಾಲು ಬರೆದರು: ಅಜ್ಜಿಯ ಬಳಿ ಹೋಗಲು ಮಗುವಿನ ತಕರಾರಿಲ್ಲ. ತಂಗಿಯ ವಿಷಯ... ಅಂತ ನಾನು ರಾಗ ಎಳೆದದ್ದಕ್ಕೆ, ಅದು ಕರ್ನಾಟಕದವರ ಫೈಲು, ಆಮೇಲೆ ನೋಡೋಣ ಅಂದರು. ತೋರಿಸಿದ ಕಡೆ ದುಭಾಷಿ ಅಂತ ಸಹಿ ಹಾಕಿದೆ. ನನಗೆ ಚಹಾ, ಸಂದೇಶ್ ಮಿಠಾಯಿ ಕೊಟ್ಟರು, ತಿಂದೆ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು, ಎಲ್ಲ ಹೇಳಿಯಾಯಿತು ಎಂದು ನಂಬಿಕೊಂಡು. ಅವಳ ಕೈಗೆ ನನ್ನ ನಂಬರಿನ ಚೀಟಿ ಇಟ್ಟು ಮನೆಗೆ ಬಂದೆ. ಎರಡು ವಾರದಲ್ಲಿ ಅವಳನ್ನು ಗಡಿ ದಾಟಿಸಿದರು.

ಮನಸ್ಸು ತಡೆಯದೆ, ಕೆಲವು ತಿಂಗಳಾದ ಮೇಲೆ ಬೆಂಗಳೂರಿನ ಆ ಶಿಶುಗಳ ಆಶ್ರಮ ಹುಡುಕಿ ಫೋನ್ ಮಾಡಿದೆ.

"ಆ ಮಗೂನ ದತ್ತು ಕೊಟ್ಟಾಯ್ತಲ್ಲ ಅಮ್ಮ," ಎಂದಳು ಅಲ್ಲಿನವಳು. "ಎಲ್ಲಿಗೆ ಅಂತ ಹೇಳೋ ಹಾಗಿಲ್ಲ."

"ಅಯ್ಯೋ, ಅದಕ್ಕೆ ಅಕ್ಕ ಇದ್ದಾಳಲ್ರೀ!"

"ಇದ್ದಾಳೆ ಅಂತ ಯಾರೋ ಅಂದ್ರು. ಕೋಲ್ಕತ್ತಾದಿಂದ ಆ ಹುಡುಗಿ ಹೇಳಿಕೇನೂ ತರಿಸಿ ನೋಡಿದ್ವಿ. ಅದ್ರಲ್ಲಿ ತಂಗಿ ವಿಷಯಾನೇ ಇಲ್ಲ."

ಕೊಂದೆನಲ್ಲ ಎಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅತ್ತು ಏನು ಪ್ರಯೋಜನ, ಮಗು ಯಾರದೋ ಮನೆಯಲ್ಲಿ ಯಾವುದೋ ಹೆಸರಿಗೆ ಓಗೊಡುತ್ತಿರುತ್ತದೆ.

ಕಳೆದ ವಾರ ಗಡಿಯಾಚೆಯ ನಂಬರಿನಿಂದ ಕರೆ ಬಂತು. ಹುಡುಗಿಯ ಕನ್ನಡ ಆಗಲೇ ತೊದಲುತ್ತಿತ್ತು.

"ಆಂಟಿ, ತಂಗಿ ಯಾವಾಗ ಬರ್ತಾಳೆ?"

"ಬರ್ತಾಳೆ ಪುಟ್ಟಿ," ಅಂದೆ. "ಕಾಗದಪತ್ರ ನಡೀತಾ ಇದೆ."