ಪಟ್ಟದ ರಾಣಿಯ ತಲೆಯ ಮೇಲಿನ ಗುರುತು

ನವರಾತ್ರಿಗೆ ಇನ್ನೂ ಒಂದು ತಿಂಗಳಿರುವಾಗಲೇ ನಮ್ಮ ವೆಸ್ಟ್ ಮಾಂಬಲಂ ಫ್ಲ್ಯಾಟಿನ ಲಾಫ್ಟಿನಿಂದ ಪಟ್ಟದ ಗೊಂಬೆಗಳು ಕೆಳಗಿಳಿದವು. ರಕ್ತಚಂದನದ ರಾಜ, ರಾಣಿ. ಅತ್ತೆಗೆ ಮದುವೆಯಲ್ಲಿ ತವರಿನವರು ಕೊಟ್ಟದ್ದು. ಹಳೆಯ ಮನೆಗಳ ಗೊಂಬೆಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸಿ ಎಲ್ಲರೂ ನೋಡುವಂತೆ ಇಡುವ ತಂಡವೊಂದನ್ನು ನಾನೇ ಕರೆದಿದ್ದೆ.

ಬಂದವಳು ತಮಿಳು ಹುಡುಗಿ. ತಿರುಗುವ ಮಣೆಯ ಮೇಲಿಟ್ಟು ಸುತ್ತಲೂ ಫೋಟೋ ತೆಗೆದರೆ ಕಂಪ್ಯೂಟರ್ ಅವನ್ನೆಲ್ಲ ಜೋಡಿಸಿ ಗೊಂಬೆಯ ಪೂರ್ತಿ ರೂಪ ಕಟ್ಟುತ್ತದೆ. ಮುಂದಿನ ವರ್ಷ ಮತ್ತೆ ತೆಗೆದು ಹೋಲಿಸಿದರೆ ಮರದ ಬಿರುಕು ಬೆಳೆದಿದೆಯೋ ಇಲ್ಲವೋ ತಿಳಿಯುತ್ತದೆ ಎಂದಳು. ಆಮೇಲೆ ಮೆಲ್ಲಗೆ, ಉಡಿಸಿದ ಬಟ್ಟೆ ತೆಗೆಯಬೇಕಾಗುತ್ತದೆ ಎಂದಳು.

ಅತ್ತೆ ರಾಣಿಯನ್ನು ಮಡಿಲಿಗೆ ಎಳೆದುಕೊಂಡರು. "ಅದೆಲ್ಲ ಆಗಲ್ಲಮ್ಮ. ಊರೋರೆಲ್ಲ ನೋಡೋ ಕಡೆ ಇವಳನ್ನ ಹಾಗೆ ನಿಲ್ಲಿಸೋದಾ?"

ಹುಡುಗಿಗೆ ಕನ್ನಡ ಬಾರದು, ಆದರೂ ಅರ್ಥವಾಯಿತು. "ಪರವಾಯಿಲ್ಲ ಪಾಟಿ," ಎಂದು ಅತ್ತೆಯನ್ನು ಅಜ್ಜಿಯೆಂದೇ ಕರೆದು ಕ್ಯಾಮೆರಾ ಕೆಳಗಿಟ್ಟಳು. ಸೀರೆಯುಟ್ಟದ್ದನ್ನು ಎಲ್ಲರಿಗೂ ತೋರಿಸೋಣ, ಬರಿಯ ಮರದ್ದು ಬಿರುಕು ಅಳೆಯುವವರಿಗೆ ಮಾತ್ರ ಇರಲಿ ಎಂದಳು.

ಅತ್ತೆ ರಾಣಿಯನ್ನು ಮಡಿಲಿನಿಂದ ಕೆಳಗಿಳಿಸಿ, "ಸೆರಿ. ಕಿಟಕಿ ಹಾಕು," ಎಂದರು ನನಗೆ. ಸೀರೆಯನ್ನು ತಾವೇ ಬಿಚ್ಚಿದರು.

ರಾಣಿಯ ತಲೆಯ ಮೇಲೆ ಸಣ್ಣ ಸಣ್ಣ ತಗ್ಗುಗಳಿದ್ದವು. ಇಲಿ ಕಡಿದಿದೆಯೇ ಎಂದು ಹುಡುಗಿ ಕೇಳಿದಳು.

"ಇಲಿ ಅಲ್ಲ, ಇವಳ ಗಂಡ!" ಅತ್ತೆ ನನ್ನತ್ತ ಕೈ ತೋರಿಸಿ ನಕ್ಕುಬಿಟ್ಟರು. ಹಲ್ಲು ಬರುವಾಗ ಕಚ್ಚಲು ಮಗುವಿಗೆ ಇದನ್ನೇ ಕೊಡುತ್ತಿದ್ದರಂತೆ. ನಾನು ತಮಿಳಿನಲ್ಲಿ ಹೇಳಿದೆ. ಹುಡುಗಿ 'ಹಾನಿ' ಎಂದು ಬರೆದದ್ದನ್ನು ಅಳಿಸಿ, 'ಮಗುವಿನ ಹಲ್ಲಿನ ಗುರುತು' ಎಂದು ಬರೆದುಕೊಂಡಳು.

ಕೆಲವು ದಿನಗಳ ಮೇಲೆ ಆ ರೂಪ ನನ್ನ ಫೋನಿಗೆ ಬಂತು. ಇನ್ಶೂರೆನ್ಸ್ ಆಫೀಸಿನಿಂದ ಬಂದ ನನ್ನವರು ಶೂ ಕೂಡ ಬಿಚ್ಚದೆ ರಾಣಿಯನ್ನು ಬೆರಳಲ್ಲಿ ತಿರುಗಿಸಿ, ತಲೆಯ ಗುರುತುಗಳನ್ನು ಹಿಗ್ಗಿಸಿ ನೋಡುತ್ತ ಕೂತರು.

"ಅಮ್ಮಾ, ನಾನು ತುಂಬ ಅಳ್ತಿದ್ನಾ?"

"ಆಮಾ, ತುಂಬಾನೇ. ಎತ್ಕೊಂಡು ಓಡಾಡ್ತಾನೇ ಇರ್ಬೇಕು. ನಾನೊಂದಿಷ್ಟು, ನಿಮ್ಮಪ್ಪ ಒಂದಿಷ್ಟು."

ಮಾವ ಹೋದಮೇಲೆ ಅತ್ತೆ ತಾವಾಗಿ ಅವರ ಮಾತೆತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅಪ್ಪ ಹಾಡ್ತಿದ್ರಾ?"

"ಅವರಿಗೆಲ್ಲಿ ಹಾಡು! ರೈಲ್ವೇಲಿದ್ದೋರು. ಮಾಂಬಲಂ, ಸೈದಾಪೇಟೆ, ಗಿಂಡಿ ಅಂತ ಸ್ಟೇಷನ್ ಹೆಸರೇ ಲಾಲಿ. ತಾಂಬರಂ ಬರೋಷ್ಟ್ರಲ್ಲಿ ನಿನಗೆ ನಿದ್ದೆ."

ಅವರು ಫೋನ್ ಪಕ್ಕಕ್ಕಿಟ್ಟು ಅಮ್ಮನ ಹತ್ತಿರ ಸರಿದು ಕೂತರು. ನಾನು ಕಾಫಿ ಬೆರೆಸಲು ಎದ್ದೆ.